ಸುರಕ್ಷತಾ ನಿರ್ವಹಣಾ ವ್ಯವಸ್ಥೆಯ ಆಗಮನ: ಭಾರತದ ವಿಮಾನಯಾನ ಮತ್ತು ಬಜಪೆಯ ದುರಂತ

೧

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೂ ಭಾರತದ ವಿಮಾನಯಾನದ ಚರಿತ್ರೆಗೂ ಈ ನಾಡಿಗೂ ಇರುವ ಸಂಬಂಧ ಅಲ್ಪವಾದುದಲ್ಲ. ಕಡಲಾಚೆಯ ನಾಡುಗಳೊಡನೆ ವ್ಯವಹರಿಸುವುದು ಇಲ್ಲಿಯ ಜನರಿಗೆ ಹೊಸತಾಗಿ ಬಂದ ರೂಢಿಯಲ್ಲ. ಆಳುಪರ ರಾಜಧಾನಿಯಾಗಿ ಮೆರೆದ ಬಾರ್ಕೂರು ಇಂದಿನ ಬ್ರಹ್ಮಾವರ ತಾಲ್ಲೂಕಿನಲ್ಲಿದೆ. ಕುಂದಾಪುರಕ್ಕೆ ಸಮೀಪದ ಬಸರೂರು ವಿಜಯನಗರದ ಕಾಲದಲ್ಲಿ ಹೆಸರಾದ ರೇವುಪಟ್ಟಣವಾಗಿತ್ತು. ಅಲ್ಲಿಂದ ಹೊರಟ ಅಕ್ಕಿ ಗೋವೆಗೂ ಮಸ್ಕತ್ತಿನ ಕಡೆಗೂ ಹೋಗುತ್ತಿತ್ತು. ೧೬೬೫ರಲ್ಲಿ ಶಿವಾಜಿಯ ನೌಕಾಬಲ ಬಸರೂರಿನ ಮೇಲೆ ಎರಗಿದ್ದುದಕ್ಕೂ ಆ ಊರಿನ ಸಿರಿಯೇ ಕಾರಣವೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಇಪ್ಪತ್ತನೆಯ ಶತಮಾನದ ಕೊನೆಯ ಕಾಲುಭಾಗದಲ್ಲಿ ಶಿರೂರು, ಗಂಗೊಳ್ಳಿ, ಕುಂದಾಪುರ, ಬ್ರಹ್ಮಾವರಗಳ ಕಡೆಯ ಯುವಕರು ಉದ್ಯೋಗವನ್ನರಸಿ ಕೊಲ್ಲಿ ರಾಷ್ಟ್ರಗಳಿಗೆ ಹೊರಟಾಗ, ದಿಕ್ಕು ಹಿಂದಿನದೇ ಆಗಿದ್ದು ವಾಹನವೊಂದೇ ಬದಲಾಗಿತ್ತು. ಮೊದಮೊದಲು ಮುಂಬಯಿಯ ಮಾರ್ಗವಾಗಿ ಹೋಗುತ್ತಿದ್ದ ಈ ಜನರಿಗೆ, ೨೦೦೬ರಲ್ಲಿ ಮಂಗಳೂರಿನ ಬಜಪೆಯಿಂದ ದುಬೈಗೆ ನೇರ ವಿಮಾನ ಸಂಚಾರ ಆರಂಭವಾದ ಮೇಲೆ, ಬಜಪೆಯೇ ಹೆಬ್ಬಾಗಿಲಾಯಿತು.

ಆ ಬಾಗಿಲಲ್ಲಿಯೇ ೨೦೧೦ರ ಮೇ ೨೨ರ ಬೆಳಗ್ಗೆ ದುಬೈಯಿಂದ ಬಂದ ವಿಮಾನವೊಂದು ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿ ೧೫೮ ಜನರು ಮಡಿದರು. ಮೃತರಲ್ಲಿ ಬಹುಮಂದಿ ಕರಾವಳಿ ಕರ್ನಾಟಕ ಮತ್ತು ಕಾಸರಗೋಡಿನ ಕಡೆಯವರು. ಅದೇ ವರ್ಷ ಭಾರತದ ವಿಮಾನಯಾನದಲ್ಲಿ 'ಸುರಕ್ಷತಾ ನಿರ್ವಹಣಾ ವ್ಯವಸ್ಥೆ' ಎಂಬುದು ಕಡ್ಡಾಯವಾದ ನಿಯಮವಾಗಿ ಜಾರಿಗೆ ಬಂದಿತು. ಎರಡು ಸಂಗತಿಗಳು ಇಷ್ಟು ಸಮೀಪದಲ್ಲಿ ಸಂಭವಿಸಿದಾಗ ಒಂದನ್ನು ಇನ್ನೊಂದರ ಕಾರಣವೆಂದು ಎಣಿಸುವುದು ಸಹಜ. ದುರಂತದಿಂದ ದೇಶ ಎಚ್ಚೆತ್ತಿತು, ಎಚ್ಚೆತ್ತು ಹೊಸ ವ್ಯವಸ್ಥೆಯನ್ನು ತಂದಿತು ಎಂಬ ಅಭಿಪ್ರಾಯ ಹೀಗೆ ಹುಟ್ಟುತ್ತದೆ. ಈ ಅಭಿಪ್ರಾಯವು ಕಾಲಾನುಕ್ರಮದ ಪರೀಕ್ಷೆಯಲ್ಲಿ ನಿಲ್ಲುವುದೇ? ನಿಲ್ಲದಿದ್ದಲ್ಲಿ ಆ ದುರಂತಕ್ಕೂ ಈ ವ್ಯವಸ್ಥೆಗೂ ಇರುವ ನಿಜವಾದ ಸಂಬಂಧ ಯಾವುದು? ಈ ಎರಡು ಪ್ರಶ್ನೆಗಳನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಹಳೆಯ ಕ್ರಮವನ್ನು ತಿಳಿದುಕೊಳ್ಳುವುದು ಅವಶ್ಯಕ. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯ ವಿಮಾನವನ್ನು ನಡೆಸಿದರು. ಆ ಅಂಚೆ ಮುಂದೆ ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸನ್ನು ಸೇರುತ್ತಿತ್ತು. ತರುವಾಯ ೧೯೩೪ರಲ್ಲಿ ವಿಮಾನ ಅಧಿನಿಯಮವೂ ೧೯೩೭ರಲ್ಲಿ ವಿಮಾನ ನಿಯಮಗಳೂ ಬಂದವು. ೧೯೪೪ರ ಡಿಸೆಂಬರ್ ೭ರಂದು ಷಿಕಾಗೋ ನಗರದಲ್ಲಿ ಸಹಿಯಾದ ಒಡಂಬಡಿಕೆಯ ಮೂಲಕ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ ತಳಹದಿ ಬಿದ್ದಿತು. ಅದರ ಅನುಬಂಧಗಳೇ ಮುಂದೆ ಸದಸ್ಯ ರಾಷ್ಟ್ರಗಳ ನಿಯಮಗಳಿಗೆಲ್ಲ ಮಾದರಿಯಾದವು. ೧೯೫೧ರ ಡಿಸೆಂಬರ್ ೨೫ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರ ಆಗಮನದೊಡನೆ ಬಜಪೆಯ ನಿಲ್ದಾಣ ಆರಂಭವಾಯಿತು. ೧೯೫೩ರಲ್ಲಿ ದೇಶದ ವಿಮಾನ ಕಂಪೆನಿಗಳು ರಾಷ್ಟ್ರೀಕೃತವಾದವು.

ಈ ಕಾಲದ ಸುರಕ್ಷತೆಯ ವಿಧಾನಕ್ಕೆ ಮೂರು ಲಕ್ಷಣಗಳಿದ್ದವು. ಚಾಲಕನಿಗೂ ಯಂತ್ರಕ್ಕೂ ಪರವಾನಗಿ ಕೊಡುವುದು ಒಂದು. ನಿಯಮಗಳು ಪಾಲಿತವಾಗುತ್ತಿವೆಯೇ ಎಂದು ಆಗಾಗ ತಪಾಸಣೆ ನಡೆಸುವುದು ಎರಡು. ಅಪಘಾತ ಸಂಭವಿಸಿದಲ್ಲಿ ವಿಚಾರಣೆ ನಡೆಸಿ ಕಾರಣವನ್ನು ನಿರ್ಣಯಿಸುವುದು ಮೂರು. ಕರ್ನಾಟಕದಲ್ಲಿಯೇ ಇದಕ್ಕೆ ಉದಾಹರಣೆಯುಂಟು. ೧೯೯೦ರ ಫೆಬ್ರವರಿ ೧೪ರಂದು ಬೆಂಗಳೂರಿನಲ್ಲಿ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ-೩೨೦ ವಿಮಾನವು ರನ್‌ವೇಯನ್ನು ಮುಟ್ಟುವ ಮೊದಲೇ ನೆಲಕ್ಕಪ್ಪಳಿಸಿ, ಅದರಲ್ಲಿದ್ದ ೧೪೬ ಜನರಲ್ಲಿ ೯೨ ಜನರು ಮೃತರಾದರು. ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ಅದರ ವಿಚಾರಣೆಯನ್ನು ನಡೆಸಿದರು. ಇಂತಹ ವಿಚಾರಣೆಗಳಿಂದ ಪ್ರಯೋಜನವಾಗಲಿಲ್ಲವೆಂದು ಹೇಳಲಾಗದು. ೧೯೯೬ರ ನವೆಂಬರ್ ೧೨ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲ್ಗಡೆ ಎರಡು ವಿಮಾನಗಳು ಡಿಕ್ಕಿಯಾಗಿ ೩೪೯ ಜನರು ಮಡಿದ ಮೇಲೆ, ಡಿಕ್ಕಿಯ ಮುನ್ಸೂಚನೆ ಕೊಡುವ ಉಪಕರಣ ಭಾರತದಲ್ಲಿ ಕಡ್ಡಾಯವಾಯಿತು. ಆದರೆ ಈ ಕ್ರಮದಲ್ಲಿ ಪಾಠ ಯಾವಾಗಲೂ ಸಾವಿನ ಹಿಂದಿನಿಂದ ಬರುತ್ತಿತ್ತು. ವಿಚಾರಣೆಯ ಮುಖ್ಯ ಪ್ರಶ್ನೆ 'ತಪ್ಪಿದವನು ಯಾರು?' ಎಂಬುದಾಗಿತ್ತು.

ಇನ್ನೊಂದು ದೋಷವೂ ಇದ್ದಿತು. ಪರವಾನಗಿ ಕೊಡುವ, ತಪಾಸಣೆ ನಡೆಸುವ, ಅಪಘಾತಗಳನ್ನು ತನಿಖೆಮಾಡುವ ಕೆಲಸಗಳೆಲ್ಲ ಬಹುಮಟ್ಟಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಸುತ್ತಲೇ ನಡೆಯುತ್ತಿದ್ದವು. ನಿಯಂತ್ರಿಸುವವನ ತಪ್ಪನ್ನು ನಿಯಂತ್ರಿಸುವವನೇ ಹುಡುಕಬೇಕಾಗಿದ್ದಿತು. ಇದರಲ್ಲಿ ಅಡಗಿದ್ದ ಅಪಾಯವು ಭಾರತದ ಆಡಳಿತಕ್ಕೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ರೈಲ್ವೆಯ ವಿಷಯದಲ್ಲಿ ಅದು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು. ರೈಲ್ವೆಯ ಅಪಘಾತಗಳನ್ನು ತನಿಖೆಮಾಡುವ ಅಧಿಕಾರಿಗಳು ರೈಲ್ವೆ ಮಂಡಳಿಯ ಅಧೀನದಲ್ಲಿರಬಾರದೆಂದು ನಿಶ್ಚಯಿಸಿ, ೧೯೪೧ರಲ್ಲಿ ಅವರನ್ನು ಅಂಚೆ ಮತ್ತು ವಾಯುಯಾನ ಇಲಾಖೆಗೆ ಒಪ್ಪಿಸಲಾಯಿತು. ಇಂದಿಗೂ ರೈಲ್ವೆ ಸುರಕ್ಷತಾ ಆಯೋಗವು ರೈಲ್ವೆ ಸಚಿವಾಲಯದ ಅಧೀನದಲ್ಲಿರದೆ ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದಲ್ಲಿದೆ. ಬಾರ್ಕೂರು, ಕುಂದಾಪುರ, ಬೈಂದೂರು ನಿಲ್ದಾಣಗಳಲ್ಲಿ ಕೊಂಕಣ ರೈಲನ್ನೇರುವ ನಮ್ಮ ವಿದ್ಯಾರ್ಥಿಗಳು ಈ ಸಂಗತಿಯನ್ನು ಅರಿತರೆ ಆಶ್ಚರ್ಯಪಡದಿರಲಾರರು. ರೈಲ್ವೆಯಲ್ಲಿ ಅಪಘಾತವನ್ನು ತನಿಖೆಮಾಡುವವನು ಸ್ವತಂತ್ರನಾಗಿರಬೇಕೆಂಬ ತತ್ತ್ವವನ್ನು ಕಾಯುತ್ತಿದ್ದ ಸಚಿವಾಲಯವೇ, ತನ್ನ ಸ್ವಂತ ಕ್ಷೇತ್ರವಾದ ವಿಮಾನಯಾನದಲ್ಲಿ ಆ ತತ್ತ್ವವನ್ನು ಸ್ಥಾಪಿಸಲು ಎಪ್ಪತ್ತು ವರ್ಷಗಳಿಗೂ ಮಿಕ್ಕಿ ತಡಮಾಡಿತು.

೩

ಈ ನಡುವೆ ಹೊರಜಗತ್ತಿನಲ್ಲಿ ಅಪಘಾತವನ್ನು ನೋಡುವ ದೃಷ್ಟಿಯೇ ಬದಲಾಗುತ್ತಿತ್ತು. ೧೯೭೭ರ ಮಾರ್ಚ್ ೨೭ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದಲ್ಲಿ ಎರಡು ಬೋಯಿಂಗ್ ೭೪೭ ವಿಮಾನಗಳು ರನ್‌ವೇಯ ಮೇಲೆಯೇ ಡಿಕ್ಕಿಯಾಗಿ ೫೮೩ ಜನರು ಸತ್ತರು. ಎದುರಿನ ವಿಮಾನ ಇನ್ನೂ ರನ್‌ವೇಯನ್ನು ಬಿಟ್ಟಿಲ್ಲವೇನೋ ಎಂಬ ಸಂದೇಹವನ್ನು ಒಂದು ವಿಮಾನದ ಎಂಜಿನಿಯರನು ಎತ್ತಿದ್ದನು. ಆದರೆ ಹಿರಿಯನಾದ ಕಪ್ತಾನನು ಅದನ್ನು ತಳ್ಳಿಹಾಕಿ ಮುಂದುವರಿದನು. ಯಂತ್ರವು ಕೆಟ್ಟಿರಲಿಲ್ಲ, ಕಪ್ತಾನನು ಅನನುಭವಿಯಾಗಿರಲಿಲ್ಲ, ಕಿರಿಯನ ಮಾತು ಹಿರಿಯನ ಕಿವಿಗೆ ಮುಟ್ಟಲಿಲ್ಲವಷ್ಟೆ. ಇಂತಹ ಘಟನೆಗಳ ಅಧ್ಯಯನದಿಂದ, ವಿಮಾನದ ಸಿಬ್ಬಂದಿ ಒಬ್ಬರೊಡನೊಬ್ಬರು ಹೇಗೆ ಮಾತನಾಡಬೇಕು, ಕಿರಿಯನು ಹೇಗೆ ಎಚ್ಚರಿಸಬೇಕು, ಹಿರಿಯನು ಹೇಗೆ ಕೇಳಬೇಕು ಎಂಬುದನ್ನೇ ಕಲಿಸುವ ಶಿಕ್ಷಣಕ್ರಮವೊಂದು ೧೯೭೯ರಿಂದೀಚೆಗೆ ಅಮೆರಿಕದಲ್ಲಿ ರೂಪುಗೊಂಡಿತು.

ಎರಡನೆಯ ಹೆಜ್ಜೆ ಕೆನಡಾದಲ್ಲಿ ಬಿದ್ದಿತು. ೧೯೮೯ರ ಮಾರ್ಚ್ ೧೦ರಂದು ಒಂಟಾರಿಯೋ ಪ್ರಾಂತದ ಡ್ರೈಡನ್ ಎಂಬಲ್ಲಿ ರೆಕ್ಕೆಯ ಮೇಲೆ ಹಿಮಗಟ್ಟಿದ್ದ ವಿಮಾನವೊಂದು ಮೇಲೇರುವಾಗಲೇ ಬಿದ್ದು ೨೪ ಜನರು ಮಡಿದರು. ಹಿಮವನ್ನು ತೆಗೆಸದೆ ಹೊರಟ ಚಾಲಕನದೇ ತಪ್ಪೆಂದು ಹೇಳಿ ಮುಗಿಸಬಹುದಾಗಿದ್ದಿತು. ಆದರೆ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಮೊಷಾನ್‌ಸ್ಕಿ ಅವರು ಅಲ್ಲಿಗೇ ನಿಲ್ಲಲಿಲ್ಲ. ಕಂಪೆನಿಯ ಆಡಳಿತ, ತರಬೇತಿ, ಸರಕಾರದ ಮೇಲ್ವಿಚಾರಣೆ ಇವೆಲ್ಲವನ್ನೂ ಪರಿಶೀಲಿಸಿ, ಇಡೀ ವ್ಯವಸ್ಥೆಯ ಸೋಲೇ ಆ ಅಪಘಾತವಾಗಿ ಪ್ರಕಟವಾಯಿತೆಂಬುದನ್ನು ೧೯೯೨ರ ತಮ್ಮ ವರದಿಯಲ್ಲಿ ತೋರಿಸಿದರು. ಅದೇ ಕಾಲದಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಅವರು, ಕೊನೆಯ ಕ್ಷಣದಲ್ಲಿ ಕೈತಪ್ಪಿದವನ ಹಿಂದೆ ಬಹುಕಾಲದಿಂದ ಸಂಸ್ಥೆಯೊಳಗೆ ಮಲಗಿದ್ದ ದೋಷಗಳಿರುತ್ತವೆಂದೂ, ಅವು ಒಂದೇ ಸಾಲಿನಲ್ಲಿ ಕೂಡಿಬಂದಾಗ ಅನಾಹುತವಾಗುತ್ತದೆಂದೂ ಪ್ರತಿಪಾದಿಸಿದರು.

ಸುರಕ್ಷತಾ ನಿರ್ವಹಣಾ ವ್ಯವಸ್ಥೆಯು ಈ ವಿಚಾರಗಳಿಂದಲೇ ಹುಟ್ಟಿದುದು. ಇದಕ್ಕೆ ನಾಲ್ಕು ಅಂಗಗಳು. ಮೊದಲನೆಯದು ಧೋರಣೆ: ಸಂಸ್ಥೆಯ ಅತ್ಯುನ್ನತ ಅಧಿಕಾರಿಯು ಸುರಕ್ಷತೆಯ ಹೊಣೆಯನ್ನು ಬರೆಹದಲ್ಲಿ ತನ್ನ ಮೇಲೆಯೇ ಹೊತ್ತುಕೊಳ್ಳಬೇಕು. ಎರಡನೆಯದು ಅಪಾಯದ ಅಳತೆ: ಏನು ಕೆಡಬಹುದು, ಎಷ್ಟು ಬಾರಿ ಕೆಡಬಹುದು, ಕೆಟ್ಟರೆ ಎಷ್ಟು ಹಾನಿ ಎಂಬುದನ್ನು ಅಪಘಾತಕ್ಕೆ ಮುಂಚೆಯೇ ಲೆಕ್ಕಹಾಕಿ ಅದನ್ನು ತಗ್ಗಿಸುವ ಉಪಾಯವನ್ನು ಕೈಕೊಳ್ಳಬೇಕು. ಮೂರನೆಯದು ಭರವಸೆ: ಕೈಕೊಂಡ ಉಪಾಯ ನಿಜವಾಗಿ ಕೆಲಸಮಾಡುತ್ತಿದೆಯೇ ಎಂದು ಸತತವಾಗಿ ಪರೀಕ್ಷಿಸುತ್ತಿರಬೇಕು. ನಾಲ್ಕನೆಯದು ಪ್ರಚಾರ: ತರಬೇತಿಯಿಂದಲೂ ಸಂವಾದದಿಂದಲೂ ಈ ಮನೋಭಾವವನ್ನು ಕೆಳಗಿನ ಕೆಲಸಗಾರನವರೆಗೆ ಹಬ್ಬಿಸಬೇಕು.

ನಾಲ್ಕಕ್ಕೂ ಜೀವಾಳವಾದುದು ಒಂದೇ. ತಪ್ಪನ್ನು ಕಂಡವನು, ತಾನೇ ತಪ್ಪಿದವನು ಸಹ, ದಂಡನೆಯ ಭಯವಿಲ್ಲದೆ ಅದನ್ನು ತಿಳಿಸುವಂತಿರಬೇಕು. ಬೇಕೆಂದು ಮಾಡಿದ ತಪ್ಪಿಗೂ ಕೈಮೀರಿ ಆದ ತಪ್ಪಿಗೂ ಭೇದವೆಣಿಸದೆ ಎಲ್ಲರನ್ನೂ ಒಂದೇ ಸಮನೆ ದಂಡಿಸುವ ಸಂಸ್ಥೆಯಲ್ಲಿ ತಪ್ಪುಗಳು ಕಡಿಮೆಯಾಗುವುದಿಲ್ಲ. ತಪ್ಪಿನ ಸುದ್ದಿ ಮಾತ್ರ ಕಡಿಮೆಯಾಗುತ್ತದೆ.

೪

ಈಗ ಕಾಲಾನುಕ್ರಮವನ್ನು ನೋಡೋಣ. ಅಂತರರಾಷ್ಟ್ರೀಯ ಸಂಸ್ಥೆಯು ಸುರಕ್ಷತಾ ನಿರ್ವಹಣೆಯ ಕೈಪಿಡಿಯ ಮೊದಲನೆಯ ಆವೃತ್ತಿಯನ್ನು ೨೦೦೬ರಲ್ಲಿ ಹೊರಡಿಸಿತು. ವಿಮಾನ ಕಂಪೆನಿಗಳು ಈ ವ್ಯವಸ್ಥೆಯನ್ನು ಹೊಂದಿರತಕ್ಕದ್ದೆಂಬ ಅದರ ವಿಧಿ ೨೦೦೯ರ ಜನವರಿ ೧ರಿಂದ ಅನ್ವಯಿಸಿತು. ಭಾರತದ ಮಹಾನಿರ್ದೇಶನಾಲಯವು ಇದಕ್ಕೆ ಅನುಗುಣವಾದ ನಿಯಮವನ್ನು ೨೦೧೦ರ ಜುಲೈ ೨೦ರಂದು ಪ್ರಕಟಿಸಿತು. ಬಜಪೆಯ ದುರಂತ ಸಂಭವಿಸಿದುದು ಮೇ ೨೨ರಂದು. ಅದರ ವಿಚಾರಣೆಗಾಗಿ ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದಲ್ಲಿ ನೇಮಕವಾದ ನ್ಯಾಯಮಂಡಳಿ ತನ್ನ ವರದಿಯನ್ನು ಒಪ್ಪಿಸಿದುದು ಅಕ್ಟೋಬರ್ ಕೊನೆಯಲ್ಲಿ.

ಈ ದಿನಾಂಕಗಳಿಂದ ಎರಡು ನಿರ್ಣಯಗಳು ಹೊರಡುತ್ತವೆ. ಜುಲೈ ತಿಂಗಳಿನ ನಿಯಮವು ಅಕ್ಟೋಬರ್ ತಿಂಗಳಿನ ವರದಿಯ ಫಲವಾಗಿರಲು ಸಾಧ್ಯವಿಲ್ಲವೆಂಬುದು ಮೊದಲನೆಯದು. ಅಂತರರಾಷ್ಟ್ರೀಯ ವಿಧಿ ಅನ್ವಯಿಸಿ ಆಗಲೇ ಒಂದೂವರೆ ವರ್ಷ ಕಳೆದಿದ್ದುದರಿಂದ, ದುರಂತ ಸಂಭವಿಸದಿದ್ದರೂ ಇಂತಹ ನಿಯಮ ಬರಲೇಬೇಕಾಗಿದ್ದಿತೆಂಬುದು ಎರಡನೆಯದು. ಆದುದರಿಂದ ಬಜಪೆಯ ದುರಂತವು ಈ ವ್ಯವಸ್ಥೆಯನ್ನು ಹುಟ್ಟಿಸಿತೆಂಬ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ವ್ಯವಸ್ಥೆಯ ವಿಚಾರ ಹೊರಗಿನಿಂದ ಬಂದಿತು. ಒಡಂಬಡಿಕೆಯ ಬಾಧ್ಯತೆಯಾಗಿ ಬಂದಿತು. ಕಾಗದದ ಮೇಲೆ ಬಂದಿತು. ಹಾಗಾದರೆ ಬಜಪೆಯ ಸ್ಥಾನವೇನು? ಕಾಗದದ ಮೇಲೆ ಬರುತ್ತಿದ್ದ ವಿಚಾರ ಎಲ್ಲಿ ಬೇರೂರಬೇಕಾಗಿದ್ದಿತೋ ಆ ನೆಲ ಹೇಗಿದ್ದಿತೆಂಬುದನ್ನು ಆ ಬೆಳಗ್ಗಿನ ಕೆಲವು ನಿಮಿಷಗಳು ತೋರಿಸಿಕೊಟ್ಟವು. ದುರಂತವನ್ನು ಕಾರಣವಾಗಿ ನೋಡದೆ ಸಾಕ್ಷ್ಯವಾಗಿ ನೋಡಬೇಕೆಂಬುದು ನಮ್ಮ ವಾದ.

೫

ಬಜಪೆಯ ನಿಲ್ದಾಣವು ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದುದು. ಹಳೆಯ ರನ್‌ವೇ ಚಿಕ್ಕದಾಗಿದ್ದುದರಿಂದ ೨,೪೫೦ ಮೀಟರ್ ಉದ್ದದ ಎರಡನೆಯ ರನ್‌ವೇಯನ್ನು ನಿರ್ಮಿಸಿ ೨೦೦೬ರ ಮೇ ತಿಂಗಳಲ್ಲಿ ಬಳಕೆಗೆ ತರಲಾಯಿತು. ಅದರ ಅಂಚುಗಳಾಚೆ ಆಳವಾದ ಕಣಿವೆಗಳಿವೆ. ಇಂತಹ ಸ್ಥಳದಲ್ಲಿ ಅಪಾಯವಿದೆಯೆಂಬುದು ಗುಟ್ಟಿನ ವಿಷಯವಾಗಿರಲಿಲ್ಲ. ೧೯೮೧ರ ಆಗಸ್ಟ್ ೧೯ರಂದು ಮಳೆಯಲ್ಲಿ ಇಳಿದ ಆವ್ರೋ ವಿಮಾನವೊಂದು ಹಳೆಯ ರನ್‌ವೇಯ ತುದಿಯನ್ನು ದಾಟಿ ನಿಂತಿತ್ತು. ಆ ದಿನ ಪ್ರಾಣಹಾನಿಯಾಗಲಿಲ್ಲ. ಹೊಸ ವ್ಯವಸ್ಥೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ಪುಕ್ಕಟೆಯಾಗಿ ದೊರೆತ ಎಚ್ಚರಿಕೆ.

೨೦೧೦ರ ಮೇ ೨೧ರ ರಾತ್ರಿ ಮಂಗಳೂರಿನಿಂದ ದುಬೈಗೆ ಹೋದ ಸಿಬ್ಬಂದಿಯೇ ಅದೇ ರಾತ್ರಿ ವಿಮಾನವನ್ನು ಮರಳಿ ತರಬೇಕಾಗಿದ್ದಿತು. ಅದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ ಬೋಯಿಂಗ್ ೭೩೭-೮೦೦ ವಿಮಾನ. ೧೬೦ ಪ್ರಯಾಣಿಕರೂ ೬ ಮಂದಿ ಸಿಬ್ಬಂದಿಯೂ ಅದರಲ್ಲಿದ್ದರು. ಪೈಲಟರ ಕೋಣೆಯ ಧ್ವನಿಮುದ್ರಣ ಯಂತ್ರದಲ್ಲಿ ಉಳಿದಿದ್ದ ಎರಡು ಗಂಟೆಯಷ್ಟು ಅವಧಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ಕಪ್ತಾನರು ನಿದ್ರಿಸುತ್ತಿದ್ದರೆಂದು ವಿಚಾರಣೆಯಲ್ಲಿ ಕಂಡುಬಂದಿತು. ಮಂಗಳೂರಿನ ರಾಡಾರ್ ಮೇ ೨೦ರಿಂದ ಕೆಟ್ಟಿದ್ದುದರಿಂದ, ವಿಮಾನಕ್ಕೆ ಕೆಳಗಿಳಿಯಲು ಅನುಮತಿ ದೊರೆತುದು ಎಂದಿಗಿಂತ ತಡವಾಗಿ. ಇಳಿಯುವಾಗ ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿದ್ದಿತು. ಅದನ್ನು ಸರಿಪಡಿಸಲು ಕಡಿದಾಗಿ ಇಳಿಸಬೇಕಾಯಿತು. ಇಂತಹ ಸ್ಥಿತಿಯಲ್ಲಿ ಇಳಿಯುವ ಪ್ರಯತ್ನವನ್ನು ಕೈಬಿಟ್ಟು ಮತ್ತೆ ಮೇಲೇರಿ ಸುತ್ತಿ ಬರಬೇಕೆಂಬುದು ನಿಯಮ. ಸಹಪೈಲಟರು ಹಾಗೆ ಮಾಡಬೇಕೆಂದು ಮೂರು ಬಾರಿ ಹೇಳಿದರು. ನೆಲದ ಸಾಮೀಪ್ಯವನ್ನು ಸೂಚಿಸುವ ಯಂತ್ರವೂ ಮತ್ತೆ ಮತ್ತೆ ಎಚ್ಚರಿಸಿತು. ಆದರೂ ವಿಮಾನ ಇಳಿಯಿತು; ರನ್‌ವೇಯ ಆರಂಭದಿಂದ ಸುಮಾರು ೫,೨೦೦ ಅಡಿ ಕಳೆದ ಮೇಲೆ ನೆಲವನ್ನು ಮುಟ್ಟಿತು. ಉಳಿದಿದ್ದುದು ಸುಮಾರು ೨,೮೦೦ ಅಡಿ ಮಾತ್ರ. ಆ ಬಳಿಕ ಮತ್ತೆ ಮೇಲೇರಲು ಮಾಡಿದ ಯತ್ನ ಫಲಿಸಲಿಲ್ಲ. ರನ್‌ವೇಯ ತುದಿಯಾಚೆ ಅಂಟೆನಾವನ್ನು ನಿಲ್ಲಿಸಿದ್ದ ಕಾಂಕ್ರೀಟ್ ಕಟ್ಟಡಕ್ಕೆ ಬಲಗಡೆಯ ರೆಕ್ಕೆ ಬಡಿದು, ವಿಮಾನ ಕಣಿವೆಗೆ ಬಿದ್ದು ಹೊತ್ತಿಕೊಂಡಿತು. ಆಗ ಬೆಳಗ್ಗೆ ೬ ಗಂಟೆ ೫ ನಿಮಿಷ. ಬದುಕಿದವರು ೮ ಮಂದಿ. ಗುರುತು ಸಿಕ್ಕದೆ ಉಳಿದ ೧೨ ದೇಹಗಳನ್ನು ಕೂಳೂರಿನಲ್ಲಿ ಫಲ್ಗುಣಿ ನದಿಯ ಬಳಿ ಮಣ್ಣುಮಾಡಲಾಯಿತು.

ಇಳಿಯುವ ಯತ್ನವನ್ನು ಕಪ್ತಾನರು ಕೈಬಿಡದಿದ್ದುದೇ ನೇರವಾದ ಕಾರಣವೆಂದು ನ್ಯಾಯಮಂಡಳಿ ನಿರ್ಣಯಿಸಿತು. ಹಳೆಯ ಪ್ರಶ್ನೆಗೆ ಇಷ್ಟೇ ಉತ್ತರ ಸಾಕಾಗಿದ್ದಿತು. ಆದರೆ ವರದಿ ಇಲ್ಲಿಗೆ ನಿಲ್ಲುವುದಿಲ್ಲ. ಪೂರಕ ಕಾರಣಗಳನ್ನೂ ಎಣಿಸುತ್ತದೆ. ದೀರ್ಘ ನಿದ್ರೆಯಿಂದ ಎಚ್ಚೆತ್ತವನ ಬುದ್ಧಿಯ ಮಂಕು, ಮನುಷ್ಯನ ದೇಹ ಸಹಜವಾಗಿ ಕುಗ್ಗುವ ಹೊತ್ತಿನ ಹಾರಾಟ, ರಾಡಾರಿನ ಅಭಾವ ಇವು ಅವುಗಳಲ್ಲಿ ಕೆಲವು. ಇವೆಲ್ಲಕ್ಕಿಂತಲೂ ಗಮನಾರ್ಹವಾದುದು ಇನ್ನೊಂದುಂಟು. ಮೂರು ಬಾರಿ ಎಚ್ಚರಿಸಿದ ಸಹಪೈಲಟರು ತಾವೇ ಚಾಲನೆಯನ್ನು ಕೈಗೆ ತೆಗೆದುಕೊಂಡು ವಿಮಾನವನ್ನು ಮೇಲೇರಿಸಲಿಲ್ಲ. ಸಹಪೈಲಟನಿಗೆ ಹಾಗೆ ಮಾಡುವ ಅಧಿಕಾರವಿದೆಯೇ ಎಂಬ ವಿಷಯದಲ್ಲಿ ಆಗ ಇದ್ದ ಸೂಚನೆಗಳು ಸ್ಪಷ್ಟವಾಗಿರಲಿಲ್ಲವೆಂಬುದು ಇದಕ್ಕೆ ಕಾರಣವಾಗಿರಬಹುದೆಂದು ಮಂಡಳಿ ಅಭಿಪ್ರಾಯಪಟ್ಟಿತು.

ನಮ್ಮ ದೃಷ್ಟಿಯಲ್ಲಿ ಇಡೀ ವರದಿಯ ತಿರುಳು ಈ ಒಂದು ಮಾತಿನಲ್ಲಿದೆ. ಅಪಾಯವನ್ನು ಕಂಡವನಿದ್ದನು; ಕಂಡದ್ದನ್ನು ಅವನು ಹೇಳಿಯೂ ಹೇಳಿದನು; ಹೇಳಿದುದು ಸರಿಯಾಗಿಯೂ ಇದ್ದಿತು. ಆ ಮಾತನ್ನು ಕಾರ್ಯವಾಗಿ ಮಾರ್ಪಡಿಸುವ ಅಧಿಕಾರ ಮಾತ್ರ ಅವನಿಗೆ ನಿಸ್ಸಂದಿಗ್ಧವಾಗಿ ದತ್ತವಾಗಿರಲಿಲ್ಲ. ಟೆನೆರೀಫಿನ ಪಾಠವನ್ನು ಜಗತ್ತು ಕಲಿತು ಮೂವತ್ತು ವರ್ಷಗಳಾಗಿದ್ದರೂ ಬಜಪೆಯ ಆಕಾಶದಲ್ಲಿ ಅದು ಇನ್ನೂ ಅಭ್ಯಾಸವಾಗಿರಲಿಲ್ಲ. ಸುರಕ್ಷತಾ ನಿರ್ವಹಣಾ ವ್ಯವಸ್ಥೆ ಯಾವ ಕೊರತೆಯನ್ನು ತುಂಬಲು ಹುಟ್ಟಿತೋ ಆ ಕೊರತೆಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಭಾರತದ ಚರಿತ್ರೆಯಲ್ಲಿ ದೊರೆಯುವುದು ಕಷ್ಟ.

೬

ದುರಂತದ ತರುವಾಯ ಹಲವು ಸುಧಾರಣೆಗಳಾದವು. ೨೦೧೨ರಲ್ಲಿ ಹೊಸ ತನಿಖಾ ನಿಯಮಗಳು ಬಂದು, ಮಹಾನಿರ್ದೇಶನಾಲಯದಿಂದ ಪ್ರತ್ಯೇಕವಾದ ವಿಮಾನ ಅಪಘಾತ ತನಿಖಾ ಬ್ಯೂರೋ ಸ್ಥಾಪಿತವಾಯಿತು. ರೈಲ್ವೆಯಲ್ಲಿ ೧೯೪೧ರಲ್ಲಿ ಆದುದು ವಿಮಾನಯಾನದಲ್ಲಿ ಆದುದು ಆಗಲೇ. ೨೦೧೩ರ ನವೆಂಬರ್ ೧೪ರಿಂದ, ಸುರಕ್ಷತಾ ನಿರ್ವಹಣೆಗಾಗಿಯೇ ಮೀಸಲಾದ ಹತ್ತೊಂಬತ್ತನೆಯ ಅನುಬಂಧವು ಅಂತರರಾಷ್ಟ್ರೀಯವಾಗಿ ಅನ್ವಯಿಸಿತು. ಕಂಪೆನಿಗಳಿಗೆ ಮಾತ್ರವಲ್ಲದೆ ಸರಕಾರಗಳಿಗೂ ಸುರಕ್ಷತಾ ಕಾರ್ಯಕ್ರಮವಿರಬೇಕೆಂಬುದು ಅದರ ತಾತ್ಪರ್ಯ.

ಆದರೆ ನಿಯಮ ಬರೆದಷ್ಟು ಸುಲಭವಾಗಿ ಅದನ್ನು ನಡೆಸುವ ಶಕ್ತಿ ಬರುವುದಿಲ್ಲ. ೨೦೧೪ರ ಜನವರಿ ೩೧ರಂದು ಅಮೆರಿಕದ ವಿಮಾನಯಾನ ಆಡಳಿತವು ಭಾರತದ ಸುರಕ್ಷತಾ ಮೇಲ್ವಿಚಾರಣೆಯನ್ನು ಎರಡನೆಯ ದರ್ಜೆಗೆ ಇಳಿಸಿತು. ಅರ್ಹರಾದ ಕಾಯಂ ತಪಾಸಣಾಧಿಕಾರಿಗಳ ಕೊರತೆ ಅದರ ಮುಖ್ಯ ಆಕ್ಷೇಪಗಳಲ್ಲೊಂದು. ಮೊದಲನೆಯ ದರ್ಜೆ ಮರಳಿ ದೊರೆತುದು ೨೦೧೫ರ ಏಪ್ರಿಲ್ ತಿಂಗಳಲ್ಲಿ.

೨೦೨೦ರ ಆಗಸ್ಟ್ ೭ರಂದು ನೆರೆಯ ಕೇರಳದ ಕೋಳಿಕ್ಕೋಡಿನಲ್ಲಿ ಬಜಪೆಯ ಚರಿತ್ರೆ ಮರುಕಳಿಸಿತು. ಅಲ್ಲಿಯೂ ಗುಡ್ಡದ ಮೇಲಿನ ರನ್‌ವೇ. ಅದೇ ಸಂಸ್ಥೆಯ ವಿಮಾನ. ಅಲ್ಲಿಯೂ ದುಬೈಯಿಂದ ಬಂದ ಪ್ರಯಾಣಿಕರು. ಮಳೆಯಲ್ಲಿ ಇಳಿದ ವಿಮಾನ ರನ್‌ವೇಯ ಆರಂಭದಿಂದ ೪,೪೩೮ ಅಡಿ ಕಳೆದು ನೆಲವನ್ನು ಮುಟ್ಟಿತು. ಅಂಚನ್ನು ದಾಟಿ ಬಿದ್ದು, ಇಬ್ಬರು ಪೈಲಟರೂ ಸೇರಿ ೨೧ ಜನರು ಮೃತರಾದರು. ಅಲ್ಲಿಯೂ ಸಹಪೈಲಟರು ಮತ್ತೆ ಮೇಲೇರಬೇಕೆಂದು ಹೇಳಿದ್ದರು. ಅಲ್ಲಿಯೂ ಅದು ನಡೆಯಲಿಲ್ಲ. ಪೈಲಟರು ನಿಯಮವನ್ನು ಪಾಲಿಸದಿದ್ದುದನ್ನು ಕಾರಣವಾಗಿ ಹೇಳಿದ ತನಿಖಾ ಬ್ಯೂರೋ, ವ್ಯವಸ್ಥೆಯ ವೈಫಲ್ಯಗಳನ್ನೂ ಪೂರಕ ಕಾರಣವಾಗಿ ಎಣಿಸದಿರಲಾಗದೆಂದು ೨೦೨೧ರ ತನ್ನ ವರದಿಯಲ್ಲಿ ಹೇಳಿತು. ವ್ಯವಸ್ಥೆ ನಿಯಮವಾಗಿ ಜಾರಿಗೆ ಬಂದು ಹತ್ತು ವರ್ಷಗಳು ತುಂಬಿದ ಮೇಲೂ, ಕಿರಿಯನ ಮಾತಿಗೂ ಹಿರಿಯನ ಕೈಗೂ ನಡುವಣ ಅಂತರ ಮುಚ್ಚಿರಲಿಲ್ಲವೆಂಬುದಕ್ಕೆ ಇದು ಎರಡನೆಯ ಸಾಕ್ಷ್ಯ. ಆದರೆ ಒಂದು ಭೇದವನ್ನೂ ಇಲ್ಲಿ ಗುರುತಿಸಬೇಕು. ಈ ಬಾರಿ ವ್ಯವಸ್ಥೆಯ ವೈಫಲ್ಯವನ್ನು ಎತ್ತಿ ಹೇಳಿದುದು ೨೦೧೨ರ ಸುಧಾರಣೆಯಿಂದಲೇ ಜನ್ಮತಳೆದ ಸಂಸ್ಥೆ. ೨೦೨೦ರ ತಿದ್ದುಪಡಿ ಅಧಿನಿಯಮವು ಆ ಬ್ಯೂರೋಗೆ ಶಾಸನದ ಆಧಾರವನ್ನು ಕೊಟ್ಟಿತು. ೧೯೩೪ರ ಹಳೆಯ ಅಧಿನಿಯಮದ ಸ್ಥಾನದಲ್ಲಿ ರಚಿತವಾದ ಭಾರತೀಯ ವಾಯುಯಾನ ಅಧಿನಿಯಮವು ೨೦೨೫ರ ಜನವರಿ ೧ರಿಂದ ಜಾರಿಗೆ ಬಂದಿದೆ. ೨೦೨೫ರ ಜೂನ್ ೧೨ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದು ಅದರಲ್ಲಿದ್ದ ೨೪೨ ಜನರಲ್ಲಿ ೨೪೧ ಜನರು ಮಡಿದಾಗ ತನಿಖೆಯ ಹೊಣೆ ಹೊತ್ತುದೂ ಇದೇ ಬ್ಯೂರೋ.

ನಿದ್ರೆಯ ಪ್ರಶ್ನೆಗೂ ದೀರ್ಘವಾದ ಚರಿತ್ರೆಯಿದೆ. ಪೈಲಟರ ಕೆಲಸದ ಅವಧಿಯನ್ನೂ ವಿಶ್ರಾಂತಿಯನ್ನೂ ಕುರಿತ ನಿಯಮಗಳನ್ನು ೨೦೨೪ರಲ್ಲಿ ಬಿಗಿಗೊಳಿಸಿ, ವಾರದ ವಿಶ್ರಾಂತಿಯನ್ನು ೩೬ ಗಂಟೆಗಳಿಂದ ೪೮ ಗಂಟೆಗಳಿಗೆ ಏರಿಸಿ, ರಾತ್ರಿಯ ಇಳಿತಗಳನ್ನು ಮಿತಗೊಳಿಸಲಾಯಿತು. ಅವು ಎರಡು ಹಂತಗಳಲ್ಲಿ ೨೦೨೫ರ ಜುಲೈ ಮತ್ತು ನವೆಂಬರ್ ತಿಂಗಳುಗಳಿಂದ ಜಾರಿಗೆ ಬಂದವು. ಡಿಸೆಂಬರ್ ತಿಂಗಳಲ್ಲಿ ದೇಶದ ಅತಿ ದೊಡ್ಡ ವಿಮಾನ ಕಂಪೆನಿ ಆ ನಿಯಮಗಳಿಗೆ ತಕ್ಕಷ್ಟು ಪೈಲಟರಿಲ್ಲದೆ ಸಾವಿರಾರು ಹಾರಾಟಗಳನ್ನು ರದ್ದುಪಡಿಸಿತು. ಪ್ರಯಾಣಿಕರ ಕೂಗು ಎದ್ದಾಗ ನಿಯಂತ್ರಕರು ಆ ಕಂಪೆನಿಗೆ ಕೆಲವು ಕಾಲದ ಮಟ್ಟಿಗೆ ವಿನಾಯಿತಿ ಕೊಟ್ಟರು. ಪ್ರಯಾಣಿಕರ ತೊಂದರೆ ನಿಜವಾದುದೇ. ಆದರೆ ವೇಳಾಪಟ್ಟಿಗೂ ವಿಶ್ರಾಂತಿಗೂ ವಿರೋಧ ಬಂದಾಗ ಮೊದಲು ಬಾಗಿದುದು ಯಾವುದೆಂಬುದನ್ನು ಚರಿತ್ರಕಾರನು ದಾಖಲಿಸದೆ ಇರಲಾಗದು.

೭

ಮೇಲಣ ವಿವೇಚನೆಯಿಂದ ನಾವು ತಲಪುವ ತೀರ್ಮಾನ ಇದು. ಸುರಕ್ಷತಾ ನಿರ್ವಹಣಾ ವ್ಯವಸ್ಥೆಯು ಭಾರತಕ್ಕೆ ಅಪಘಾತದ ಫಲವಾಗಿ ಬರದೆ ಅಂತರರಾಷ್ಟ್ರೀಯ ಬಾಧ್ಯತೆಯಾಗಿ ಬಂದಿತು. ಹಾಗೆ ಬಂದುದರಿಂದಲೇ ಅದರ ಬಾಹ್ಯಾಂಗಗಳಾದ ಕೈಪಿಡಿ, ಅಧಿಕಾರಿ, ಸಮಿತಿ, ವರದಿಯ ನಮೂನೆಗಳು ಮೊದಲು ಬಂದವು. ಅ೦ತರಂಗವಾದ ಮನೋಭಾವ ನಿಧಾನವಾಗಿ ಬರುತ್ತಿದೆ. ಬಜಪೆ ಮತ್ತು ಕೋಳಿಕ್ಕೋಡುಗಳು ಈ ನಿಧಾನಕ್ಕೆ ತೆತ್ತ ಬೆಲೆ.

ಈ ಮನೋಭಾವವು ವಿಮಾನಗಳಿಗೆ ಮಾತ್ರ ಸಂಬಂಧಿಸಿದುದಲ್ಲವಾದುದರಿಂದ ನಮ್ಮ ಕಾಲೇಜುಗಳಲ್ಲಿ ಇದರ ಅಧ್ಯಯನ ಯುಕ್ತವಾದುದು. ಹಿರಿಯರ ಮಾತಿಗೆ ಎದುರಾಡಬಾರದೆಂಬುದು ನಮ್ಮ ಮನೆಗಳಲ್ಲಿ ಕಲಿಸುವ ಮೊದಲನೆಯ ಮರ್ಯಾದೆ. ಮೀನುಗಾರಿಕೆಯ ದೋಣಿಯಲ್ಲಿ ತಾಂಡೇಲನ ಮಾತೇ ಕೊನೆಯ ಮಾತು. ಅಲೆಗಳ ನಡುವೆ ಅಳಿವೆಯನ್ನು ದಾಟುವಾಗ ಇಬ್ಬರ ಆಜ್ಞೆ ನಡೆಯುವಂತಿಲ್ಲವೆಂಬ ಅನುಭವದಿಂದ ಹುಟ್ಟಿದ ಕ್ರಮವದು. ಇವುಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆಜ್ಞಾಪಿಸುವ ಅಧಿಕಾರ ಒಬ್ಬನಲ್ಲಿಯೇ ಇರಬಹುದು. ಎಚ್ಚರಿಸುವ ಅಧಿಕಾರ ಎಲ್ಲರಲ್ಲಿಯೂ ಇರಬೇಕು. ಎಚ್ಚರಿಕೆಯನ್ನು ಕೇಳಿದ ಮೇಲೆ ಏನು ನಡೆಯತಕ್ಕದ್ದೆಂಬುದು ಮೊದಲೇ ನಿಶ್ಚಿತವಾಗಿರಬೇಕು. ಮರ್ಯಾದೆಗೂ ಸುರಕ್ಷತೆಗೂ ವಿರೋಧವಿಲ್ಲದಂತೆ ಮಾಡುವ ದಾರಿ ಇದೊಂದೇ.

ಚರಿತ್ರೆಯ ಅಧ್ಯಾಪಕರಿಗೆ ಇಲ್ಲಿ ಒಂದು ಕೆಲಸವೂ ಕಾದಿದೆ. ಅಪಘಾತದ ವರದಿಗಳು ಸಾರ್ವಜನಿಕವಾದ ದಾಖಲೆಗಳು. ರಾಜರ ಶಾಸನಗಳನ್ನು ಓದುವ ಎಚ್ಚರಿಕೆಯಿಂದಲೇ ಇವುಗಳನ್ನು ವಿದ್ಯಾರ್ಥಿಗಳಿಂದ ಓದಿಸಬಹುದು. ಯಾವುದು ನೇರ ಕಾರಣ, ಯಾವುದು ಪೂರಕ ಕಾರಣ, ಯಾವ ಶಿಫಾರಸು ಯಾವ ವರ್ಷ ನಿಯಮವಾಯಿತು, ಯಾವುದು ಕಡತದಲ್ಲಿಯೇ ಉಳಿಯಿತು ಎಂಬುದನ್ನು ದಿನಾಂಕಗಳೊಡನೆ ಪಟ್ಟಿಮಾಡಿಸಬಹುದು. ಬಾರ್ಕೂರು, ಬಸರೂರುಗಳ ಹಡಗಿನ ವ್ಯಾಪಾರವನ್ನು ಕುರಿತು ಬರೆದ ನಾವು, ಅದೇ ಊರುಗಳ ಮಕ್ಕಳು ಇಂದು ಕಡಲನ್ನು ದಾಟುವ ವಾಹನದ ಚರಿತ್ರೆಯನ್ನು ಬರೆಯದೆ ಬಿಡುವುದು ಸಲ್ಲದು. ಶಿರೂರಿನಿಂದ ಬ್ರಹ್ಮಾವರದವರೆಗೆ ಕೊಲ್ಲಿ ನಾಡುಗಳಿಂದ ಬರುವವರಿಗಾಗಿ ಕಾಯುವ ಮನೆಗಳು ಇಂದಿಗೂ ಅನೇಕವಿವೆ. ವಿಮಾನದೊಳಗೆ ಕಿರಿಯನು ಆಡಿದ ಎಚ್ಚರಿಕೆಯ ಮಾತು ನಡೆಯುವುದೇ ಇಲ್ಲವೇ ಎಂಬ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ಆ ಮನೆಗಳ ನೆಮ್ಮದಿ ನಿಂತಿದೆ.